ಆಫೀಸಿಗೆ ಹೊಸ ಫೈರ್‌ವಾಲ್ ಹಾಕಿದ ಮೇಲೆ ಗೂಗಲ್ ಮೀಟ್‌ನಲ್ಲಿ ಮಾತು ಕಡಿದು ಕಡಿದು ಬರುತ್ತಿದೆ. ಮೀಟಿಂಗ್ ಹೊತ್ತಿಗೆ ಫೈರ್‌ವಾಲ್ ಆಫ್ ಮಾಡಬಹುದೇ?

ಬೇಡ. ಒಂದು ಗಂಟೆಯ ಮಟ್ಟಿಗೂ ಬೇಡ. ಹೊರಗಿನಿಂದ ಬೇಡದ್ದು ನಿಮ್ಮ ನೆಟ್‌ವರ್ಕಿಗೆ ನುಗ್ಗದಂತೆ ಕಾಯುವ ಡಬ್ಬ ಅದು. ನಿಮ್ಮ ಮ್ಯಾನೇಜರಿಗೆ ನಾನು ಹೀಗೆ ಹೇಳಿದೆ ಅಂತಲೇ ಹೇಳಿ.

ನೀವು ಬರೆದಿರುವುದು ಇಷ್ಟು: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಆಫೀಸು, ಹೊರದೇಶದ ಖರೀದಿದಾರರ ಜೊತೆ ಮೀಟಿಂಗು. ಲಿಂಕ್ ಒತ್ತಿದರೆ ಒಳಗೆ ಹೋಗುತ್ತೀರಿ, ಎಲ್ಲರ ಹೆಸರೂ ಕಾಣುತ್ತದೆ, ಆದರೆ ಮಾತು ತುಂಡಾಗುತ್ತದೆ, ಚಿತ್ರ ನಿಂತುಬಿಡುತ್ತದೆ. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿದರೆ ಸರಿಹೋಗುತ್ತದೆ. ಹಾಸನದಲ್ಲಿ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ನನ್ನ ಮಟ್ಟಿಗೆ ಇದು ಫೈರ್‌ವಾಲ್ ಯುಡಿಪಿ ತಡೆದಿರುವ ಲಕ್ಷಣ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ ಹೋಗುತ್ತದೆ, ಅವನ್ನು ಸಾಗಿಸುವ ಎರಡು ವಿಧಾನ ಟಿಸಿಪಿ ಮತ್ತು ಯುಡಿಪಿ.

ಮೀಟಿಂಗ್‌ಗೆ ಸೇರುವುದು, ಲಾಗಿನ್ ಆಗುವುದು, ಚಾಟ್ ಇವೆಲ್ಲ ಟಿಸಿಪಿ 443ರಲ್ಲಿ (443 ಅನ್ನುವುದು ಪೋರ್ಟ್, ಅಂದರೆ ಬಾಗಿಲಿನ ನಂಬರು) ನಡೆಯುತ್ತವೆ. ಸಾಮಾನ್ಯ ವೆಬ್‌ಸೈಟಿನ ದಾರಿ ಅದೇ ಆದ್ದರಿಂದ ಯಾರೂ ಅದನ್ನು ಮುಚ್ಚುವುದಿಲ್ಲ. ಧ್ವನಿ ಮತ್ತು ವೀಡಿಯೊ ಮಾತ್ರ ಯುಡಿಪಿ ಮೇಲೆ ಹೋಗಲು ನೋಡುತ್ತವೆ. ಕಳೆದುಹೋದ ಪ್ಯಾಕೆಟ್ಟನ್ನು ಟಿಸಿಪಿ ಮತ್ತೆ ಕಳಿಸುತ್ತದೆ, ಅದು ಬರುವವರೆಗೆ ಅದರ ನಂತರ ಬಂದದ್ದನ್ನೆಲ್ಲ ನಿಲ್ಲಿಸಿಕೊಳ್ಳುತ್ತದೆ. ಫೈಲಿಗೆ ಅದು ಒಳ್ಳೆಯದು. ಮಾತಿಗೆ ಅರ್ಧ ಸೆಕೆಂಡು ತಡವಾಗಿ ಬಂದ ಅಕ್ಷರ ಬಂದೂ ಪ್ರಯೋಜನವಿಲ್ಲ. ಯುಡಿಪಿ ಸಿಗದಿದ್ದರೆ ಮೀಟ್ ಸುಮ್ಮನೆ ಟಿಸಿಪಿ 443ಕ್ಕೇ ಇಳಿದು ಹೇಗೋ ನಡೆಸುತ್ತದೆ. ಅದಕ್ಕೇ ಪೂರ್ತಿ ಬಂದ್ ಆಗದೆ ಹೀಗೆ ಅರೆಬರೆ ಆಗುವುದು.

ಈಗ ಫೈರ್‌ವಾಲ್ ಕಡೆ ಬನ್ನಿ. ಮೀಟಿಂಗ್‌ಗೆ ಒಳಬರುವ ಪೋರ್ಟ್ ತೆರೆಯಬೇಕು ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಬೇಕಿಲ್ಲ. ಸಂಪರ್ಕ ಶುರುವಾಗುವುದು ನಿಮ್ಮ ಕಂಪ್ಯೂಟರಿನಿಂದ ಹೊರಗೆ. ಇವತ್ತಿನ ಫೈರ್‌ವಾಲ್‌ಗಳೆಲ್ಲ ನಿಮ್ಮ ಕ್ಯೂರಿಂಗ್ ಗೇಟಿನ ವಾಚ್‌ಮನ್ ಇದ್ದ ಹಾಗೆ: ಹೊರಗೆ ಹೋದ ಲಾರಿಯ ನಂಬರು ಪುಸ್ತಕದಲ್ಲಿದ್ದರೆ ವಾಪಸ್ ಬಂದಾಗ ಬಿಡುತ್ತಾನೆ, ಗುರುತಿಲ್ಲದ್ದು ಬಂದರೆ ತಡೆಯುತ್ತಾನೆ. ಆ ಪುಸ್ತಕಕ್ಕೆ ಸ್ಟೇಟ್ ಟೇಬಲ್ ಅನ್ನುತ್ತಾರೆ. ಯುಡಿಪಿಯಲ್ಲಿ ಸಂಪರ್ಕ ಮುಗಿಯಿತು ಎಂದು ಹೇಳುವ ಸಂಕೇತ ಇಲ್ಲ, ಹಾಗಾಗಿ ಸ್ವಲ್ಪ ಹೊತ್ತು ಪ್ಯಾಕೆಟ್ ಓಡಾಡದಿದ್ದರೆ ಆ ದಾಖಲೆ ಅಳಿಸಿಹೋಗುತ್ತದೆ.

ಆದ್ದರಿಂದ ನಿಮಗೆ ಬೇಕಾದದ್ದು ಒಳಗಿನಿಂದ ಹೊರಕ್ಕೆ ಒಂದು ಅನುಮತಿ ನಿಯಮ. ಮೀಟ್‌ಗೆ ಯುಡಿಪಿ 3478, ಯುಡಿಪಿ 19302ರಿಂದ 19309, ಜೊತೆಗೆ ಟಿಸಿಪಿ ಮತ್ತು ಯುಡಿಪಿ 443. ಝೂಮ್‌ಗೆ ಯುಡಿಪಿ 3478, 3479 ಮತ್ತು 8801ರಿಂದ 8810, ಟಿಸಿಪಿ 443, 8801, 8802. ಖರೀದಿದಾರರು ಮೈಕ್ರೋಸಾಫ್ಟ್ ಟೀಮ್ಸ್ ಕಳಿಸಿದರೆ ಯುಡಿಪಿ 3478ರಿಂದ 3481. ಈ ಪಟ್ಟಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ, ನಿಯಮ ಬರೆಯುವ ದಿನ ಅವರ ಸಹಾಯ ಪುಟ ಒಮ್ಮೆ ನೋಡಿಕೊಳ್ಳಿ.

ನಿಯಮವನ್ನು ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಇಡೀ ಆಫೀಸಿನ ನೆಟ್‌ವರ್ಕಿಗೆ ಬಾಗಿಲಾಗಿ ಕೂರುವ ಗೇಟ್‌ವೇ ಫೈರ್‌ವಾಲ್‌ಗಳು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದುವ ನಿಯಮಕ್ಕೇ ನಿಂತುಬಿಡುತ್ತವೆ. ಎಲ್ಲ ಯುಡಿಪಿ ತಡೆ ಎನ್ನುವ ಸಾಲು ಮೇಲೆ ಕೂತಿದ್ದರೆ ಕೆಳಗೆ ನೀವು ಏನೇ ಬರೆದರೂ ಅದಕ್ಕೆ ಸರದಿ ಬರುವುದಿಲ್ಲ. ಕಂಪ್ಯೂಟರಿನೊಳಗಿನ ವಿಂಡೋಸ್ ಫೈರ್‌ವಾಲ್ ಹೀಗಲ್ಲ. ಅಲ್ಲಿ ಕ್ರಮಕ್ಕೆ ಬೆಲೆ ಇಲ್ಲ, ತಡೆಯುವ ನಿಯಮವೇ ಗೆಲ್ಲುತ್ತದೆ. ಯಾರೋ ಯಾವತ್ತೋ ಪಾಪ್‌ಅಪ್ ಬಂದಾಗ ಕ್ಯಾನ್ಸಲ್ ಒತ್ತಿದ್ದು ಕೂಡ ಅಲ್ಲಿ ತಡೆ ನಿಯಮವಾಗಿ ಕೂತಿರುತ್ತದೆ.

ಹೊಸ ಡಬ್ಬದಲ್ಲಿ ಎಸ್‌ಎಸ್‌ಎಲ್ ಇನ್‌ಸ್ಪೆಕ್ಷನ್, ಅಂದರೆ ಗುಟ್ಟಾಗಿ ಕಟ್ಟಿ ಕಳಿಸಿದ ಡೇಟಾವನ್ನು ನಡುವೆ ಬಿಚ್ಚಿ ನೋಡುವ ಸೌಲಭ್ಯ, ಆನ್ ಇದೆಯಾ ನೋಡಿ. ಮಾರಿದವರು ಹೆಮ್ಮೆಯಿಂದ ಆನ್ ಮಾಡಿಟ್ಟು ಹೋಗಿರುತ್ತಾರೆ. ಮೀಟಿಂಗ್ ಡೊಮೇನ್‌ಗಳನ್ನು ಅದರಿಂದ ಹೊರಗಿಡಿ. ಹಾಗೆ ಎನ್‌ಕ್ರಿಪ್ಟ್ ಆದ ಮೀಟಿಂಗ್ ಡೇಟಾವನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಲು ಹೋದರೆ ತಡವಾಗುತ್ತದೆ, ಕೆಲವೊಮ್ಮೆ ಸಂಪರ್ಕವೇ ಮುರಿಯುತ್ತದೆ.

ಎರಡು ಇಂಟರ್ನೆಟ್ ಲೈನ್ ಇದೆ ಅಂತ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀರಲ್ಲ, ನನಗೆ ಅದರ ಮೇಲೂ ಅನುಮಾನ. ನಮ್ಮ ಕಡೆ ಇದು ಎಲ್ಲರ ಪಾಡು. ಜುಲೈ ಮಳೆಗೆ ಮೂಡಿಗೆರೆ, ಸಕಲೇಶಪುರದ ರಸ್ತೆಯಲ್ಲಿ ಮರ ಬಿದ್ದರೆ ಫೈಬರ್ ಹೋಯಿತು, ಆದ್ದರಿಂದ ಫೈಬರ್ ಜೊತೆ ಒಂದು 4ಜಿ ಇರಲೇಬೇಕು. ತಪ್ಪಿಲ್ಲ. ಆದರೆ ಎರಡನ್ನೂ ಲೋಡ್ ಬ್ಯಾಲೆನ್ಸಿಂಗ್‌ನಲ್ಲಿ, ಅಂದರೆ ಎರಡಕ್ಕೂ ಕೆಲಸ ಹಂಚುವಂತೆ, ಹಾಕಿದ್ದರೆ ಒಂದೇ ಮೀಟಿಂಗಿನ ಲಾಗಿನ್ ಒಂದು ಲೈನಿನಲ್ಲಿ, ಧ್ವನಿ ಇನ್ನೊಂದರಲ್ಲಿ ಹೊರಡಬಹುದು. ನಡುವೆ ಲೈನ್ ಬದಲಾದರೆ ಪಬ್ಲಿಕ್ ಐಪಿಯೂ (ಇಂಟರ್ನೆಟ್ಟಿನಲ್ಲಿ ಹೊರಗಿನವರಿಗೆ ಕಾಣುವ ನಿಮ್ಮ ವಿಳಾಸ) ಬದಲಾಗುತ್ತದೆ, ಮೀಟಿಂಗ್ ಮತ್ತೆ ಮೊದಲಿನಿಂದ ಸಂಪರ್ಕ ಹುಡುಕಬೇಕು. ಫೈಲೋವರ್ ಇಡಿ: ಫೈಬರ್ ಇರುವವರೆಗೆ ಫೈಬರ್, ಅದು ಹೋದಾಗ ಮಾತ್ರ 4ಜಿ. ಇನ್ನೊಂದು, ಫೈಬರ್ ಮೋಡೆಮ್, ಫೈರ್‌ವಾಲ್, ಸ್ವಿಚ್ ಮೂರಕ್ಕೂ ಯುಪಿಎಸ್ ಇರಲಿ. ನಿಮಗೆ ಮೆಸ್ಕಾಂ, ನಮಗೆ ಸೆಸ್ಕ್, ಕರೆಂಟು ಮಿಣುಕುವುದರಲ್ಲಿ ಇಬ್ಬರೂ ಸಮ. ಫೈರ್‌ವಾಲ್ ಒಮ್ಮೆ ರೀಬೂಟ್ ಆದರೆ ಆ ಸ್ಟೇಟ್ ಟೇಬಲ್ ಖಾಲಿಯಾಗಿ ನಡೆಯುತ್ತಿದ್ದ ಮೀಟಿಂಗುಗಳು ಬೀಳುತ್ತವೆ.

ಝೂಮ್ ಒಳ್ಳೆಯದೋ ಮೀಟ್ ಒಳ್ಳೆಯದೋ ಅಂತ ಕೇಳಿದ್ದೀರಿ. ಆಫೀಸಿನ ಮೇಲ್ ಗೂಗಲ್‌ನದ್ದಾದರೆ ಮೀಟ್ ಸಾಕು, ಬ್ರೌಸರಿನಲ್ಲೇ ನಡೆಯುತ್ತದೆ, ನೀವು ಎಲ್ಲ ಮಷಿನ್ನಿಗೂ ಆ್ಯಪ್ ಹಾಕುತ್ತ ಓಡಾಡಬೇಕಿಲ್ಲ. ಖರೀದಿದಾರರು ಕಳಿಸಿದ ಲಿಂಕಿಗೆ ಅವರ ಟೂಲೇ ಗತಿ. ಉಚಿತ ಮೀಟಿಂಗ್ ತಂತ್ರಾಂಶ ಜಿಟ್ಸಿಯನ್ನು ಸ್ವಂತ ಸರ್ವರ್‌ನಲ್ಲಿ ಹಾಕೋಣ ಎನ್ನುವ ಉತ್ಸಾಹ ಸದ್ಯಕ್ಕೆ ಬೇಡ. ಹೊರಗಿನಿಂದ ಒಳಕ್ಕೆ ಯುಡಿಪಿ 10000 ಮತ್ತು ಟಿಸಿಪಿ 443 ನಿಜವಾಗಿಯೂ ತೆರೆಯಬೇಕಾಗುವುದು ಅಲ್ಲಿ, ಆ ಸರ್ವರನ್ನು ಕಾಯುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ಬೇಡದವರು ಮೀಟಿಂಗಿಗೆ ನುಗ್ಗುವುದನ್ನು ಮಾತ್ರ ಫೈರ್‌ವಾಲ್ ತಡೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಝೂಮ್ ಬಗ್ಗೆ ಎಚ್ಚರಿಕೆ ಕೊಟ್ಟಾಗ ಹೇಳಿದ್ದೂ ಪಾಸ್‌ವರ್ಡ್, ವೇಟಿಂಗ್ ರೂಮ್, ಎಲ್ಲರೂ ಬಂದ ಮೇಲೆ ಮೀಟಿಂಗ್ ಲಾಕ್ ಇಂಥವನ್ನೇ. ಅದು ಮೀಟಿಂಗ್ ನಡೆಸುವವರ ಕೈಯಲ್ಲಿದೆ.

ಇವತ್ತು ಮಾಡಬೇಕಾದದ್ದು: ಒಂದು ಪರೀಕ್ಷಾ ಮೀಟಿಂಗ್ ಶುರು ಮಾಡಿ, ಫೈರ್‌ವಾಲ್ ಲಾಗ್‌ನಲ್ಲಿ (ಏನು ಬಿಟ್ಟಿತು, ಏನು ತಡೆಯಿತು ಅನ್ನುವ ದಾಖಲೆ) ನಿಮ್ಮ ಲ್ಯಾಪ್‌ಟಾಪಿನ ಐಪಿ ಹಾಕಿ ಹುಡುಕಿ, ತಡೆದ ಸಾಲುಗಳನ್ನು ಮಾತ್ರ ಆರಿಸಿ ನೋಡಿ. 3478 ಅಲ್ಲಿ ಕಂಡರೆ ಕಾರಣ ಸಿಕ್ಕಿತು. ಹಾಗೇ ಆ ಲಾಗನ್ನು ಬೇರೆ ಮಷಿನ್ನಿಗೆ ಸಿಸ್‌ಲಾಗ್ (ಲಾಗ್ ರವಾನಿಸುವ ವಿಧಾನ) ಮೂಲಕ ಕಳಿಸುವ ವ್ಯವಸ್ಥೆಯನ್ನೂ ಮಾಡಿಬಿಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಲಾಗ್‌ಗಳು 180 ದಿನ ಇರಬೇಕು, ಸಣ್ಣ ಡಬ್ಬಗಳ ಮೆಮೊರಿಯಲ್ಲಿ ಅಷ್ಟು ಹಿಡಿಯುವುದಿಲ್ಲ. 3478 ಕಾಣದೆ ಬೇರೇನಾದರೂ ಸಿಕ್ಕರೆ ಆ ಸಾಲುಗಳನ್ನು ಕಾಮೆಂಟಿನಲ್ಲಿ ಹಾಕಿ, ನೋಡೋಣ. ಪಬ್ಲಿಕ್ ಐಪಿ ಅಳಿಸಿ ಹಾಕಿ.