ಸಂಪಾದಕರ ಉತ್ತರ: ರ‍್ಯಾಲಿಯ ಕೊನೆಯ ಸುತ್ತಿಗೆ ಯಾವ ಊರು?

ಪಾಂಡವಪುರ ತಾಲ್ಲೂಕಿನ ಓದುಗ ಮಿತ್ರರಿಗೆ ನಮಸ್ಕಾರಗಳು.

ರಾಷ್ಟ್ರೀಯ ಕಾರ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತನ್ನು ಮೈಸೂರು–ಮಂಡ್ಯ ಸೀಮೆಗೆ ಈಗಲೇ ಕೇಳುವುದು ಬೇಡವೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದ ಮಾತು ನಿಮ್ಮನ್ನು ನೋಯಿಸಿದೆ. “ನಮ್ಮ ಊರಿನ ಪತ್ರಿಕೆಯೇ ನಮ್ಮ ಊರಿಗೆ ಬೇಡ ಎಂದರೆ ಬೇಕು ಎನ್ನುವವರು ಇನ್ನು ಯಾರು?” ಎಂದು ಕೇಳಿದ್ದೀರಿ. ಕೊನೆಯ ಸುತ್ತು ದಸರೆಯ ಹೊತ್ತಿಗೆ ನಡೆಯಲಿ, ಅರಮನೆಯ ಎದುರು ಬಹುಮಾನ ಕೊಡಲಿ, ಬೆಂಗಳೂರಿನವರು ಹೊಸ ಹೆದ್ದಾರಿಯಲ್ಲಿ ಬೆಳಗ್ಗೆ ಹೊರಟು ತಿಂಡಿಯ ಹೊತ್ತಿಗೆ ಇಲ್ಲಿರುತ್ತಾರೆ ಎಂಬುದು ನಿಮ್ಮ ವಾದ. ಜೊತೆಗೆ ಮೂರು ಹಾದಿಗಳ ನಕ್ಷೆಯನ್ನು ನೀವೇ ಬರೆದು ಕಳುಹಿಸಿದ್ದೀರಿ. ಪ್ರತಿಯೊಂದು ತಿರುವು, ಮೋರಿ, ಶಾಲೆ ಅದರಲ್ಲಿ ಗುರುತಾಗಿದೆ. ಇಷ್ಟು ಶ್ರಮಪಟ್ಟು ಬರೆದವರಿಗೆ ನಾಲ್ಕು ಸಾಲಿನ ಉತ್ತರ ಸಲ್ಲದು.

ವರ್ಷವಿಡೀ ಬೇರೆ ಬೇರೆ ಊರುಗಳಲ್ಲಿ ನಡೆದು ಅಂಕ ಕೂಡುತ್ತ ಹೋಗುವ ಚಾಂಪಿಯನ್‌ಷಿಪ್‌ನ ಉಳಿದ ಸುತ್ತುಗಳಿಗೂ ಕೊನೆಯ ಸುತ್ತಿಗೂ ಇರುವ ವ್ಯತ್ಯಾಸ ದೊಡ್ಡದು. ನಡುವಿನ ಸುತ್ತೊಂದು ಮಳೆಯಿಂದಲೋ ಅನುಮತಿ ಸಿಗದೆಯೋ ನಿಂತುಹೋದರೆ ಇನ್ನೊಂದು ಊರಿನಲ್ಲಿ, ಇನ್ನೊಂದು ವಾರದಲ್ಲಿ ಅದನ್ನು ಸರಿದೂಗಿಸಬಹುದು. ಕೊನೆಯದು ನಿಂತರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. 2019ರ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್‌ನಲ್ಲಿ ಮುಗಿಯಬೇಕಾಗಿತ್ತು. ಕಾಳ್ಗಿಚ್ಚಿನಿಂದಾಗಿ, ಆರಂಭಕ್ಕೆ ಕೆಲವೇ ದಿನಗಳಿದ್ದಾಗ ಅದನ್ನು ರದ್ದುಪಡಿಸಲಾಯಿತು. ಚಾಲಕರ ಪ್ರಶಸ್ತಿ ಅದಕ್ಕೂ ಮೊದಲೇ ಒಟ್ ತಾನಕ್ ಅವರ ಪಾಲಾಗಿತ್ತು. ಆದರೆ ಕಾರು ತಯಾರಿಸುವ ಕಂಪನಿಗಳಿಗೆ ಕೊಡುವ ತಯಾರಕರ ಪ್ರಶಸ್ತಿ ಇನ್ನೂ ತೀರ್ಮಾನವಾಗಿರಲಿಲ್ಲ. ಪಟ್ಟಿಯಲ್ಲಿ ಮುಂದಿದ್ದ ಹ್ಯುಂಡೈಗೆ ಅದು ಸಂದಿತು, ಟೊಯೋಟಾಗೆ ಹೋರಾಡುವ ಅವಕಾಶವೇ ಉಳಿಯಲಿಲ್ಲ. ಜನರ ಪ್ರಾಣಕ್ಕಿಂತ ಸ್ಪರ್ಧೆ ದೊಡ್ಡದಲ್ಲವಾದ್ದರಿಂದ ಆ ನಿರ್ಧಾರ ಸರಿಯಾಗಿಯೇ ಇತ್ತು. ಆದರೂ ವರ್ಷವಿಡೀ ದುಡಿದ ತಂಡವೊಂದಕ್ಕೆ ಹಾಗೆ ಮನೆಗೆ ಮರಳುವುದು ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಬಲ್ಲಿರಿ. ಆದ್ದರಿಂದ ಕೊನೆಯ ಸುತ್ತಿಗೆ ಊರನ್ನು ಆರಿಸುವವರು ಮೊದಲು ಕೇಳಬೇಕಾದದ್ದು, ಅಲ್ಲಿ ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಎಲ್ಲ ಸ್ಟೇಜ್‌ಗಳೂ (ಸಂಚಾರ ತಡೆದು, ಕಾರುಗಳನ್ನು ಒಂದೊಂದಾಗಿ ಬಿಟ್ಟು ಸಮಯ ಅಳೆಯುವ ಹಾದಿಗಳು) ನಡೆದೇ ತೀರುತ್ತವೆಯೇ ಎಂಬ ಪ್ರಶ್ನೆಯನ್ನು. ಎಷ್ಟು ಜನ ಸೇರುತ್ತಾರೆ, ಛಾಯಾಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಎಂಬುವು ಅದರ ನಂತರದ ಮಾತು.

ದಸರೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಆ ಹತ್ತು ದಿನ ಹೊರಜಿಲ್ಲೆಗಳಿಂದ ಪೊಲೀಸರನ್ನು ಕರೆಸಿಯೂ ನಗರಕ್ಕೆ ಸಾಲದಿರುವಾಗ, ಹಳ್ಳಿ ಹಾದಿಯ ಒಂದೊಂದು ಕವಲಿನಲ್ಲೂ ಕಾವಲು ನಿಲ್ಲಿಸಲು ಜನರನ್ನು ಎಲ್ಲಿಂದ ತರುವುದು? ಅರಮನೆಯ ಎದುರು ಬಾವುಟ ಬೀಸಿ ಕಾರುಗಳನ್ನು ಬೀಳ್ಕೊಡುವ ಸಮಾರಂಭ ವರ್ಷದ ಬೇರೆ ಯಾವ ತಿಂಗಳಲ್ಲಾದರೂ ನಡೆಯಬಹುದು. ಅದನ್ನು ನೋಡುವ ಆಸೆ ನನಗೂ ಇದೆ.

ಈಗ ನಿಮ್ಮ ನಕ್ಷೆಗೆ ಬರುತ್ತೇನೆ. ಮೊದಲನೆಯ ಹಾದಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸಾಗುತ್ತದೆ. ನೋಟಕ್ಕೆ ಅದಕ್ಕಿಂತ ಚೆಲುವಾದ ಸ್ಟೇಜ್ ಸಿಗದು ಎಂದಿದ್ದೀರಿ, ಒಪ್ಪುತ್ತೇನೆ. ಆದರೆ 2018ರ ನವೆಂಬರ್ 24ರಂದು ನಿಮ್ಮದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಅದೇ ನಾಲೆಗೆ ಉರುಳಿ 30 ಮಂದಿ ತೀರಿಕೊಂಡದ್ದನ್ನು ನೀವು ಮರೆತಿರಲಾರಿರಿ. ಒಂದು ಬದಿ ತುಂಬಿ ಹರಿಯುವ ನೀರು, ಇನ್ನೊಂದು ಬದಿ ಗದ್ದೆಯ ಇಳಿಜಾರು ಇರುವೆಡೆ ಜಾರಿದ ಕಾರಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಚಾಲಕ ಮತ್ತು ಪಕ್ಕದಲ್ಲಿ ಕುಳಿತು ಹಾದಿ ಹೇಳುವ ನ್ಯಾವಿಗೇಟರ್ ಇಬ್ಬರೂ ಹೆಲ್ಮೆಟ್ ತೊಟ್ಟು, ಆರು ಪಟ್ಟಿಗಳ ಸೀಟ್‌ಬೆಲ್ಟಿನಲ್ಲಿ ಬಿಗಿದುಕೊಂಡು ಕುಳಿತಿರುತ್ತಾರೆ. ಉರುಳುವ ಕಾರಿನಲ್ಲಿ ಅವರ ಜೀವ ಉಳಿಸುವ ಆ ಪಟ್ಟಿಯೇ ನೀರಿನೊಳಗೆ ಬಿಡುಗಡೆಗೆ ಅಡ್ಡಿಯಾಗುತ್ತದೆ. ಈ ಹಾದಿಯನ್ನು ಕೊನೆಯ ಸುತ್ತಿಗೆ ಮಾತ್ರವಲ್ಲ, ಯಾವ ಸುತ್ತಿಗೂ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಸೇರಿದ ಇನ್ನೊಂದು ಮಾತಿದೆ. ಕಬ್ಬಿನ ಕಟಾವು ನಡೆಯುವ ದಿನಗಳಲ್ಲಿ ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿ ಬಂದ ಗದ್ದೆಯ ಕೆಸರು, ಉದುರಿದ ಜಲ್ಲೆ, ಸೋಗೆ ಎಲ್ಲವೂ ರಸ್ತೆಯ ಮೇಲೆ ಬಿದ್ದಿರುತ್ತವೆ. ಇದು ಸಣ್ಣ ವಿಷಯವಲ್ಲ. 1998ರಲ್ಲಿ ಬ್ರಿಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತಿನಲ್ಲಿ, ಮುಂಚೆ ಓಡಿದ್ದ ಹಳೆಯ ಕಾರೊಂದು ಚೆಲ್ಲಿದ್ದ ಎಣ್ಣೆಯ ಮೇಲೆ, ಅಂಕಪಟ್ಟಿಯಲ್ಲಿ ಮುಂದಿದ್ದ ಟಾಮಿ ಮ್ಯಾಕಿನೆನ್ ಅವರ ಕಾರು ಜಾರಿ, ಕಾಂಕ್ರೀಟ್ ದಿಮ್ಮಿಗೆ ಬಡಿದು ಚಕ್ರ ಕಳೆದುಕೊಂಡಿತು. ಮೊದಲ ದಿನವೇ ಅವರು ಹೊರಬಿದ್ದರು. ಪ್ರಶಸ್ತಿ ಅವರ ಪ್ರತಿಸ್ಪರ್ಧಿ ಕಾರ್ಲೋಸ್ ಸೈನ್ಸ್ ಅವರದೇ ಎಂದು ಎಲ್ಲರೂ ತಿಳಿದಿದ್ದಾಗ, ಕೊನೆಯ ಸ್ಟೇಜ್ ಮುಗಿಯಲು ಕೆಲವೇ ನೂರು ಮೀಟರ್ ಇರುವಾಗ ಅವರ ಟೊಯೋಟಾದ ಎಂಜಿನ್ ಕೈಕೊಟ್ಟಿತು. ಪ್ರಶಸ್ತಿ ಮ್ಯಾಕಿನೆನ್ ಅವರಿಗೇ ಉಳಿಯಿತು. ಎಂಜಿನ್ ಕೈಕೊಡುವುದು ಆಟದ ಒಂದು ಭಾಗ. ಆದರೆ ಇನ್ನೊಂದು ವಾಹನ ರಸ್ತೆಯ ಮೇಲೆ ಬಿಟ್ಟುಹೋದ ಕಲೆ ಒಬ್ಬನ ವರ್ಷವನ್ನು ತೀರ್ಮಾನಿಸುವುದು ನ್ಯಾಯವಲ್ಲ. 2003ರಲ್ಲಿ ಅದೇ ಬ್ರಿಟನ್‌ನ ಕೊನೆಯ ಸುತ್ತು ಮುಗಿದಾಗ ಪೆಟರ್ ಸೋಲ್ಬರ್ಗ್ ಅವರಿಗೆ 72, ಸೆಬಾಸ್ಟಿಯನ್ ಲೋಬ್ ಅವರಿಗೆ 71 ಅಂಕಗಳಿದ್ದವು. ಒಂದೇ ಅಂಕದಲ್ಲಿ ನಿಲ್ಲುವ ತಕ್ಕಡಿಯ ಕೆಳಗೆ ನೆಲ ಗಟ್ಟಿಯಾಗಿರಬೇಡವೇ?

ನೆಲದ ವಿಷಯದಲ್ಲಿ ನಿಮ್ಮ ಪತ್ರ ಮುಟ್ಟದೆ ಬಿಟ್ಟ ಒಂದು ಅಂಶವನ್ನು ಹೇಳಲೇಬೇಕು. ವಿಶ್ವ ರ‍್ಯಾಲಿಯ ಮೊದಲ ದಿನ ಅಂಕಪಟ್ಟಿಯಲ್ಲಿ ಮುಂದಿರುವವರೇ ಮೊದಲು ಹೊರಡಬೇಕು. ಗಟ್ಟಿ ಟಾರಿನ ಮೇಲೆ ಇದು ಸಾಮಾನ್ಯವಾಗಿ ಅನುಕೂಲವೇ. ಹಿಂದೆ ಬರುವವರಿಗೆ, ಮುಂದಿನ ಕಾರುಗಳು ತಿರುವಿನ ಅಂಚಿನಿಂದ ಎಳೆದುತಂದ ಮಣ್ಣು ಎದುರಾಗುತ್ತದೆ. ಸಡಿಲ ಗರಸಿನ ಹಾದಿಯಲ್ಲಿ ಮಾತ್ರ ಮೊದಲ ಕಾರು ಪೊರಕೆಯಾಗುತ್ತದೆ: ಮೇಲಿನ ಸಡಿಲ ಕಲ್ಲುಮಣ್ಣನ್ನು ಗುಡಿಸಿ, ತಾನು ಜಾರುತ್ತ, ಹಿಂದಿನವರಿಗೆ ಹಿಡಿತ ಸಿಗುವ ಹಾದಿಯನ್ನು ಮಾಡಿಕೊಡುತ್ತದೆ. ಗಾಳಿಯಾಡದ ನೀಲಗಿರಿ ತೋಪಿನಲ್ಲಿ ಧೂಳು ತೂಗಿ ನಿಂತರೆ ಆಗ ಹಿಂದಿನವರು ಕಣ್ಣು ಕಾಣದೆ ಕಷ್ಟಪಡುತ್ತಾರೆ. ಹಾಗಾಗಿ ಕೊನೆಯ ಸುತ್ತಿಗೆ ಯಾವ ನೆಲವನ್ನು ಆರಿಸಿದರು, ಎರಡು ಕಾರುಗಳ ನಡುವೆ ಎಷ್ಟು ನಿಮಿಷ ಬಿಟ್ಟರು ಎಂಬುದು ಪ್ರಶಸ್ತಿ ಯಾರಿಗೆ ಎಂಬುದನ್ನೂ ಅಷ್ಟಿಷ್ಟು ನಿರ್ಧರಿಸುತ್ತದೆ. ಆದ್ದರಿಂದ ಈ ಆಯ್ಕೆ ಸ್ಪರ್ಧೆಯ ಋತು ಆರಂಭವಾಗುವ ಮೊದಲೇ, ಯಾರು ಮುಂದಿದ್ದಾರೆಂದು ಯಾರಿಗೂ ಗೊತ್ತಿರದಿರುವಾಗಲೇ ಆಗಿ ಪ್ರಕಟವಾಗಿರಬೇಕು.

ನಿಮ್ಮ ಎರಡನೆಯ ಹಾದಿ ಮೇಲುಕೋಟೆಯ ಬೆಟ್ಟಸಾಲನ್ನು ಬಳಸಿ ಬರುತ್ತದೆ. ಅದರ ಒಂದು ಪಾಲು, ತೋಳಗಳಿಗೆಂದು ಕಾಪಾಡಿಕೊಂಡು ಬಂದಿರುವ ವನ್ಯಧಾಮದ ಅಂಚಿಗೆ ತಾಗುವುದರಿಂದ ಅದನ್ನು ಕೈಬಿಡುವುದೇ ಲೇಸು.

ಮೂರನೆಯದು ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ನಡುವಿನ ಬೆದ್ದಲು ಸೀಮೆ. ಕಳೆದ ಭಾನುವಾರ ನಿಮ್ಮ ನಕ್ಷೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಆ ಹಾದಿಯನ್ನು ಎರಡೂ ದಿಕ್ಕಿನಿಂದ ನಿಧಾನವಾಗಿ ನೋಡಿಬಂದೆ. ಕೆಂಪು ಗರಸು, ಒಳ್ಳೆಯ ಏರಿಳಿತ, ನಾಲೆಯಿಲ್ಲ, ಊರುಗಳು ವಿರಳ. ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ನಮ್ಮ ಚಾಂಪಿಯನ್‌ಷಿಪ್‌ಗಳು ಸಾಮಾನ್ಯವಾಗಿ ವರ್ಷದ ಕೊನೆಗೆ ಮುಗಿಯುತ್ತವೆ. ಅದೇ ಹೊತ್ತಿಗೆ ಆ ಸೀಮೆಯಲ್ಲಿ ರಾಗಿ ಕೊಯ್ಲಾಗಿ ಒಕ್ಕಣೆ ಶುರುವಾಗುತ್ತದೆ. ಕಣ ಮಾಡುವ ಜಾಗ, ಕಣ ಮಾಡುವ ಆಳು ಎರಡೂ ಕಡಿಮೆಯಾಗಿರುವ ಈ ಕಾಲದಲ್ಲಿ ರಸ್ತೆಯೇ ರೈತನ ಕಣ. ರಾಗಿ, ಹುರುಳಿ ರಸ್ತೆಯ ಮೇಲೆ ಹರಡಿರುವಾಗ ‘ಮೂರು ದಿನ ರಸ್ತೆ ಬಿಡಿ’ ಎಂದು ಯಾವ ಬಾಯಿಂದ ಕೇಳುವುದು? ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ–ಪೆಸಿಫಿಕ್ ಮಟ್ಟದ ರ‍್ಯಾಲಿ ನಡೆಸಲು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ತೋಟದ ಹಾದಿಗೆ ಒಬ್ಬನೇ ಯಜಮಾನ, ಎಣಿಸಬಲ್ಲಷ್ಟು ಗೇಟುಗಳು. ನಮ್ಮ ಬಯಲಿನ ಹಾದಿಗಾದರೋ ನೂರು ಯಜಮಾನರು.

ಚಿಕ್ಕವನಿದ್ದಾಗ ರ‍್ಯಾಲಿಯೊಂದರಲ್ಲಿ ಮಾರ್ಷಲ್ ಆಗಿ ಕವಲುದಾರಿಯೊಂದನ್ನು ಕಾಯುತ್ತಿದ್ದೆ. ಆಡುಗಳನ್ನು ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನಾನು ಅಡ್ಡ ಕಟ್ಟಿದ್ದ ಹಗ್ಗದಾಚೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದರು. “ಇನ್ನೂ ಎಷ್ಟ್ ಕಾರವೆ ಮಗ?” ಎಂದು ಅವರು ಕೇಳಿದಾಗಲೆಲ್ಲ ಉತ್ತರಿಸಲು ನನಗೆ ಗೊತ್ತಿರಲಿಲ್ಲ, ಏಕೆಂದರೆ ನನಗೂ ಯಾರೂ ಹೇಳಿರಲಿಲ್ಲ. ಅವರ ಊರಿಗೆ ಮುಂಚಿತವಾಗಿ ಹೋಗಿ ತಿಳಿಸಿದವರೂ ಇರಲಿಲ್ಲ. ಅವರು ಹಗ್ಗದ ಕೆಳಗೆ ನುಸುಳಿ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ಸುತ್ತಿನಲ್ಲಿ ಬೈಕೊಂದು ಸ್ಟೇಜಿನೊಳಗೆ ಬಂದು, ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. 2024ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತು ಜಪಾನಿನಲ್ಲಿ ನಡೆದಾಗ, ಅಷ್ಟು ಶಿಸ್ತಿನ ದೇಶದಲ್ಲಿಯೂ ಹೊರಗಿನ ವಾಹನವೊಂದು ಒಳನುಗ್ಗಿದ್ದರಿಂದ ಸ್ಟೇಜೊಂದನ್ನು ರದ್ದುಮಾಡಬೇಕಾಯಿತು. ಹಗ್ಗ, ಬಾವುಟ, ಪೊಲೀಸರ ಅನುಮತಿ ಇವೆಲ್ಲ ಬೇಕೇ ಬೇಕು. ಆದರೆ ಹಾದಿಯ ಪಕ್ಕದ ಊರಿನವರು ‘ಇದು ನಮ್ಮ ಊರಿನ ರ‍್ಯಾಲಿ’ ಎಂದು ತಾವೇ ಕವಲಿನಲ್ಲಿ ನಿಲ್ಲುವವರೆಗೆ ಆ ಹಾದಿ ಭದ್ರವಲ್ಲ. ಅಂಥ ನಂಟು ಒಂದು ವರ್ಷದಲ್ಲಿ ಬೆಳೆಯುವುದಿಲ್ಲ.

ನಾನು ‘ಈಗಲೇ ಬೇಡ’ ಎಂದದ್ದು ಇದೇ ಅರ್ಥದಲ್ಲಿ. ನಮ್ಮ ಸೀಮೆ ಮೊದಲು ಋತುವಿನ ಆರಂಭದ ಸುತ್ತೊಂದನ್ನು ಕೇಳಲಿ. ಸಂಕ್ರಾಂತಿ ಕಳೆದು, ರಾಗಿ ಮನೆ ಸೇರಿ, ಹೊಲ ಬರಿದಾಗಿ, ಪರೀಕ್ಷೆಗಳು ಇನ್ನೂ ಶುರುವಾಗದ ಫೆಬ್ರವರಿಯ ಎರಡು ವಾರಗಳು ಅದಕ್ಕೆ ಸರಿ. ಊರೂರಿನ ಜಾತ್ರೆಯ ದಿನಗಳನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು. ಮೂರು ವರ್ಷ ಒಂದು ಸ್ಟೇಜೂ ರದ್ದಾಗದಂತೆ ಅದನ್ನು ನಡೆಸಿ ತೋರಿಸಿದರೆ, ಋತುವನ್ನೇ ಹಿಂದಕ್ಕೆ ಸರಿಸಿ ಫೆಬ್ರವರಿಯಲ್ಲಿ ಮುಗಿಸಿ, ಕೊನೆಯ ಸುತ್ತು ನಮಗೆ ಕೊಡಿ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ. ಆ ದಿನ ಈ ಪತ್ರಿಕೆ ನಿಮ್ಮ ಜೊತೆಗೇ ನಿಂತು ಕೇಳುತ್ತದೆ.

ನಿಮ್ಮ ನಕ್ಷೆಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಮೂರನೆಯ ಹಾದಿಯ ಮೇಲೆ ಕೆಂಪು ಪೆನ್ಸಿಲಿನ ಗುರುತುಗಳಿವೆ. ಎರಡನೆಯ ಮೋರಿಯ ಬಳಿ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗುವುದು ನಿಮ್ಮ ಗಮನಕ್ಕೆ ಬಂದಿಲ್ಲ. ಅಲ್ಲಿ ವೇಗ ತಗ್ಗಿಸಲು ಹುಲ್ಲಿನ ಪಿಂಡಿಗಳನ್ನು ಅಡ್ಡಡ್ಡಲಾಗಿ ಜೋಡಿಸಬೇಕಾಗುತ್ತದೆ. ಕೆರೆ ಏರಿ ಇಳಿದ ಮೇಲಿನ ಕವಲಿನಿಂದ ಎರಡು ಗಾಡಿದಾರಿಗಳು ಹೊಲದೊಳಗೆ ಹೋಗುತ್ತವೆ, ಅವು ಎಲ್ಲಿಗೆ ಮುಟ್ಟುತ್ತವೆಂಬುದು ನನಗೆ ತಿಳಿಯಲಿಲ್ಲ. ನೀವು ಆ ಊರಿನವರನ್ನು ಕೇಳಿ ಬರೆದು ತಿಳಿಸಿದರೆ, ಮುಂದಿನ ತಿಂಗಳು ಇಬ್ಬರೂ ಸೇರಿ ಅಲ್ಲಿನ ಗ್ರಾಮ ಪಂಚಾಯಿತಿಯವರನ್ನು ಕಂಡು ಬರೋಣ.

— ಸಂಪಾದಕ, ಮೈಸೂರು