ಉದ್ಯೋಗ ಪ್ರಶ್ನೋತ್ತರ: ರಿಸರ್ವ್ ಬ್ಯಾಂಕಿನ ಗ್ರೇಡ್ ‘ಬಿ’

ಪ್ರಶ್ನೆ: ಬಿ.ಕಾಂ.ನಲ್ಲಿ ಶೇ 61 ಬಂದಿದೆ, ವಯಸ್ಸು 24. ರಿಸರ್ವ್ ಬ್ಯಾಂಕಿನ ಗ್ರೇಡ್ ‘ಬಿ’ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬೇಕು. ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ), ಹಿಂದುಳಿದ ವರ್ಗದ 2ಎ ಪ್ರಮಾಣಪತ್ರ ಎರಡೂ ಇವೆ. ಯಾವುದು ಕೊಡಲಿ?
– ಓದುಗ, ಸೇಡಂ

ಉತ್ತರ: 371(ಜೆ) ಪತ್ರವನ್ನು ಟ್ರಂಕಿನಲ್ಲೇ ಇಡಿ. ಅದು ರಾಜ್ಯ ಸರ್ಕಾರದ ಹುದ್ದೆ, ಕಾಲೇಜು ಸೀಟುಗಳಿಗೆ. ರಿಸರ್ವ್ ಬ್ಯಾಂಕ್, ಷೇರುಪೇಟೆಯ ನಿಯಂತ್ರಕ ಸೆಬಿ, ಹೈದರಾಬಾದಿನ ವಿಮಾ ಪ್ರಾಧಿಕಾರ ಇವಕ್ಕೆಲ್ಲ ಅದು ಲೆಕ್ಕಕ್ಕಿಲ್ಲ. 2ಎ ಕೂಡ ರಾಜ್ಯದ ಪಟ್ಟಿಯೇ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದರೆ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರ್ ಕಚೇರಿಯಿಂದ ಮಾಡಿಸಿ. ಅರ್ಜಿ ತುಂಬುವಾಗ ಸುಮ್ಮನಿದ್ದು ಸಂದರ್ಶನದ ಹೊತ್ತಿಗೆ ರಾಜ್ಯದ ನಮೂನೆ ಮುಂದಿಟ್ಟವರ ಪಾಡು ಕಷ್ಟ. ಒಬಿಸಿಗೆ ವಯೋಮಿತಿ 30ರ ಬದಲು 33. ಸಾಮಾನ್ಯ ವರ್ಗಕ್ಕೆ ಆರೇ ಸಲ ಅವಕಾಶ, ಒಬಿಸಿಗೆ ಆ ಮಿತಿಯಿಲ್ಲ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮ. ಗ್ರೇಡ್ ‘ಬಿ’ ಪರೀಕ್ಷೆಯ ಎರಡನೇ ಹಂತವನ್ನು ಕನ್ನಡದಲ್ಲಿ ಬರೆಯಬಹುದೇ?
– ಓದುಗಿ, ಭಾಲ್ಕಿ

ಉತ್ತರ: ಇಲ್ಲ. ಆರ್ಥಿಕ-ಸಾಮಾಜಿಕ ವಿಷಯಗಳು, ಹಣಕಾಸು-ಮ್ಯಾನೇಜ್‌ಮೆಂಟ್, ಈ ಎರಡು ಪತ್ರಿಕೆಗೆ ಇಂಗ್ಲಿಷ್ ಅಥವಾ ಹಿಂದಿ. ಉಳಿದ ಇನ್ನೊಂದು ಪತ್ರಿಕೆಯಂತೂ ಇಂಗ್ಲಿಷ್ ಬರವಣಿಗೆಯದೇ. ಆದರೆ ನಮ್ಮ ಕಡೆಯವರು ಸೋಲುವುದು ಭಾಷೆಗಿಂತ ಹೆಚ್ಚಾಗಿ ಕೀಲಿಮಣೆಯ ಮುಂದೆ. ಪೆನ್ನು ಮುಟ್ಟುವಂತಿಲ್ಲ, ಎಲ್ಲ ಟೈಪ್ ಮಾಡಬೇಕು. ಆರ್ಥಿಕ-ಸಾಮಾಜಿಕ, ಹಣಕಾಸು-ಮ್ಯಾನೇಜ್‌ಮೆಂಟ್ ಪತ್ರಿಕೆಗಳಲ್ಲಿ ತಲಾ 50 ಅಂಕ ವಿವರಣಾತ್ಮಕ: 90 ನಿಮಿಷ, ಆರರಲ್ಲಿ ನಾಲ್ಕು ಪ್ರಶ್ನೆ, ಎರಡು 15ರವು, ಎರಡು 10ರವು. ಮಿತಿ 600 ಮತ್ತು 400 ಪದ. ಕೂಡಿಸಿ ನೋಡಿ, 2000 ಪದ. ಒಂದು ಕ್ಷಣವೂ ಯೋಚಿಸದೆ ಹೊಡೆದರೂ ನಿಮಿಷಕ್ಕೆ 22 ಪದ ಬೇಕು. ಯೋಚನೆಗೆ 30 ನಿಮಿಷ ಬಿಟ್ಟರೆ 33. ಹಾಗಾಗಿ ಟೈಪಿಂಗ್ ಕ್ಲಾಸಿಗೆ ಇಂದೇ ಸೇರಿ, ದಿನಕ್ಕೊಂದು ಉತ್ತರ ಗಡಿಯಾರ ಇಟ್ಟು ಹೊಡೆಯಿರಿ. ಐದನೆಯ ಉತ್ತರ ಬರೆದು ಪ್ರಯೋಜನವಿಲ್ಲ, ಮೊದಲ ನಾಲ್ಕಕ್ಕೇ ಅಂಕ.

ಪ್ರಶ್ನೆ: ಆಯ್ಕೆಯಾದರೆ ಕಲಬುರಗಿಯಲ್ಲೇ ಇರಬಹುದೇ?
– ಓದುಗ, ಯಾದಗಿರಿ

ಉತ್ತರ: ಆ ಆಸೆ ಬಿಡಿ. ರಿಸರ್ವ್ ಬ್ಯಾಂಕಿನ ರಾಜ್ಯದ ಕಚೇರಿ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ, ವರ್ಗಾವಣೆ ದೇಶದ ಎಲ್ಲಿಗಾದರೂ. ಆದರೆ ಜಿಲ್ಲೆಗಳಿಗೆ ಬರುವ ಕೆಲಸ ಒಂದಿದೆ. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಸಭೆಗೆ ರಿಸರ್ವ್ ಬ್ಯಾಂಕಿನ ಜಿಲ್ಲಾ ಅಧಿಕಾರಿ ಬಂದು, ಠೇವಣಿ ಪಡೆದ ಬ್ಯಾಂಕುಗಳು ಇಲ್ಲಿ ಎಷ್ಟು ಸಾಲ ಕೊಟ್ಟಿವೆ ಎಂದು ಕೇಳುತ್ತಾರೆ. ಜಿಲ್ಲೆಯಲ್ಲಿ ಠೇವಣಿಯ ಶೇ 40ಕ್ಕಿಂತ ಕಡಿಮೆ ಸಾಲವಾಗಿದ್ದರೆ ಅದಕ್ಕೆಂದೇ ವಿಶೇಷ ಉಪಸಮಿತಿ ರಚಿಸಬೇಕಾಗುತ್ತದೆ.