ಯಾರೂ ಸಾಯದ ಅಪರಾಧಕ್ಕೆ ಗಲ್ಲು ಕೊಟ್ಟರೆ ಅದು ಸಂವಿಧಾನಕ್ಕೆ ವಿರುದ್ಧ ಅಲ್ವಾ?

ಅಮೆರಿಕದಲ್ಲಾದರೆ ಬಹುಮಟ್ಟಿಗೆ ಹೌದು. ಮಗುವಿನ ಮೇಲೆ ಅತ್ಯಾಚಾರ ಎಸಗಿದವನಿಗೂ, ಮಗು ಬದುಕುಳಿದಿದ್ದರೆ ಮರಣದಂಡನೆ ಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ 5-4ರ ಬಹುಮತದಿಂದ ಹೇಳಿತು. ದೇಶದ್ರೋಹ, ಬೇಹುಗಾರಿಕೆಯಂಥವನ್ನು ಮಾತ್ರ ಈ ತೀರ್ಪಿನಿಂದ ಹೊರಗಿಟ್ಟಿತು.

ನಮ್ಮಲ್ಲಿ ಅಂಥ ಗೆರೆ ಇಲ್ಲ. ನಮ್ಮ ಕೋರ್ಟುಗಳು ಮುಖ್ಯವಾಗಿ ಕೇಳುವ ಪ್ರಶ್ನೆ ಬೇರೆ: ಬೇರೆ ಶಿಕ್ಷೆ ಕೊಡಲು ಜಡ್ಜ್‌ಗೆ ಅವಕಾಶ ಉಳಿದಿದೆಯಾ? ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯನ್ನೇ ನೋಡಿ. ದೊಡ್ಡ ಪ್ರಮಾಣದ ಡ್ರಗ್ಸ್ ಸಾಗಣೆಯ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಸಿಕ್ಕಿಬಿದ್ದರೆ ಅದರ 31ಎ ಕಲಂ ಪ್ರಕಾರ ಗಲ್ಲೇ ಗತಿ ಅಂತಿತ್ತು. 2011ರಲ್ಲಿ ಬಾಂಬೆ ಹೈಕೋರ್ಟ್, ಹೀಗೆ ಕಡ್ಡಾಯ ಮಾಡುವುದು ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು. ಗಲ್ಲನ್ನು ಮಾತ್ರ ತೆಗೆಯಲಿಲ್ಲ, ಜಡ್ಜ್ ವಿವೇಚನೆಗೆ ಬಿಟ್ಟಿತು. 2014ರಲ್ಲಿ ಸಂಸತ್ತೂ ಕಾಯ್ದೆಯನ್ನು ಹಾಗೇ ತಿದ್ದಿತು.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಮುಂಬೈನ ಶಕ್ತಿ ಮಿಲ್ಸ್ ಪ್ರಕರಣ. 2013ರಲ್ಲಿ ಅದೇ ಪಾಳುಬಿದ್ದ ಗಿರಣಿಯಲ್ಲಿ ಎರಡು ಸಾಮೂಹಿಕ ಅತ್ಯಾಚಾರ ನಡೆದಿದ್ದವು. ಸಂತ್ರಸ್ತೆಯರಿಬ್ಬರೂ ಬದುಕುಳಿದರು. ಎರಡರಲ್ಲೂ ಇದ್ದ ಮೂವರಿಗೆ, ಮತ್ತೆ ಅದೇ ಅಪರಾಧ ಮಾಡಿದವರು ಅಂತ ಭಾರತೀಯ ದಂಡ ಸಂಹಿತೆಯ (ಐಪಿಸಿ) 376ಇ ಕಲಂ ಹಾಕಿ, 2014ರಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು. ಪ್ರಾಣ ತೆಗೆಯದವನಿಗೆ ಪ್ರಾಣವನ್ನೇ ಕೇಳುವುದು ಅತಿಯಾಯಿತು ಅಂತ ಅವರು ಆ ಕಲಮನ್ನೇ ಪ್ರಶ್ನಿಸಿದರು. 2019ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಕಲಂ ಉಳಿಯಿತು. ತಮಾಷೆ ನೋಡಿ, 2021ರಲ್ಲಿ ಅದೇ ಹೈಕೋರ್ಟಿನ ಇನ್ನೊಂದು ಪೀಠ ಆ ಮೂವರ ಗಲ್ಲು ರದ್ದು ಮಾಡಿತು. ಸತ್ತವನಿಗೆ ಪಶ್ಚಾತ್ತಾಪಕ್ಕೆ ಜಾಗವೇ ಇರೋದಿಲ್ಲ, ಪೆರೋಲ್ ಇಲ್ಲದೆ ಸಾಯುವವರೆಗೂ ಜೈಲಲ್ಲಿರಲಿ ಅನ್ನುವುದು ಅದರ ವಾದ. ಅಂದರೆ ಕಾನೂನು ಸರಿ, ಆದರೆ ಇವರಿಗೆ ಬೇಡ ಅಂತಾಯಿತು.

ನನಗೆ ಅಮೆರಿಕದ ಗೆರೆಯೇ ಸರಿ ಅನ್ನಿಸುತ್ತದೆ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ, ಇರುವ ಒಬ್ಬಳೇ ಸಾಕ್ಷಿಯನ್ನು ಬದುಕಲು ಬಿಡೋಕೆ ಅವನಿಗೇನು ಕಾರಣ? ಆದರೆ ನಮ್ಮ ಸಂಸತ್ತು ಹೋಗಿದ್ದು ಉಲ್ಟಾ ದಾರಿಯಲ್ಲಿ. 12 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ 2018ರಲ್ಲಿ ಗಲ್ಲು ಸೇರಿಸಿತು, 2019ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಗೂ ತಂದಿತು. ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇದೆ. ಎಲ್ಲ ಕಡೆಯೂ ಜೈಲು ಶಿಕ್ಷೆಯ ಆಯ್ಕೆ ಇಟ್ಟಿರೋದರಿಂದ 'ಕಡ್ಡಾಯ' ಅನ್ನೋ ವಾದ ಇಲ್ಲಿ ನಡೆಯೋದಿಲ್ಲ.

ಅಂದಹಾಗೆ, 'ಪೋಕ್ಸೋ ಕೋರ್ಟಿನಿಂದ ಗಲ್ಲು' ಅಂತ ಪೇಪರಿನಲ್ಲಿ ಬಂದ ಮಾತ್ರಕ್ಕೆ ಅದೇ ಕೊನೆಯಲ್ಲ. ಹೈಕೋರ್ಟ್ ಖಾಯಂ ಮಾಡುವವರೆಗೆ ಆ ಶಿಕ್ಷೆ ಜಾರಿಯಾಗೋದಿಲ್ಲ.